ಒಂಟಿ ಮೀನಿಗೊಂದು ಕನ್ನಡಿ

ಕಣ್ಣಿನ ಆಪರೇಷನ್ ಮುಗಿಸಿ ಬಳ್ಳಾರಿಯಿಂದ ಕೊಟ್ಟೂರಿಗೆ ಮರಳಿದ ದಿನ ನನ್ನ ಮನೆಯೇ ನನಗೆ ಹೊಸದಾಗಿ ಕಂಡಿತು. ಕೆನೆಬಣ್ಣದ್ದೆಂದು ಇಷ್ಟು ದಿನ ತಿಳಿದಿದ್ದ ಪರದೆ ಅಚ್ಚ ಬಿಳಿಯದಾಗಿತ್ತು. ಗ್ಯಾಸ್ ಒಲೆಯ ಹಿಂದಿನ ಟೈಲ್ಸಿಗೆ ಅಷ್ಟೊಂದು ಜಿಡ್ಡು ಹತ್ತಿತ್ತು ಎಂಬುದು ಗೊತ್ತಾಗಿ ನಾಚಿಕೆಯಾಯಿತು. ಎಲ್ಲವೂ ಸ್ಪಷ್ಟ, ಕ್ರಿಸ್ಟಲ್ ಕ್ಲಿಯರ್. ಆದರೆ ಹಾಲ್‌ನ ಮೂಲೆಯಲ್ಲಿದ್ದ ಅಕ್ವೇರಿಯಂ ಮಾತ್ರ ಮಬ್ಬು, ಹಾಲು ಬೆರೆಸಿದ ಹಾಗೆ.

ಕೆಲವು ದಿನ ಮಂಜುಮಂಜಾಗಿ ಕಾಣಬಹುದು, ಗಾಬರಿಯಾಗಬೇಡಿ ಎಂದು ಡಾಕ್ಟರು ಹೇಳಿದ್ದರು. ಅದೇ ಇರಬೇಕೆಂದು ಕಪ್ಪು ಕನ್ನಡಕ ತೆಗೆದೆ. ಹಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿ ಹೊಸದರಿಂದ ನೋಡಿದೆ. ಹೊಸದನ್ನು ಮುಚ್ಚಿ ಹಳೆಯದರಿಂದ ನೋಡಿದೆ. ಎರಡಕ್ಕೂ ಅದೇ ಮಬ್ಬು. ಪಕ್ಕದಲ್ಲಿದ್ದ ಕ್ಯಾಲೆಂಡರಿನ ಸಣ್ಣ ಅಕ್ಷರಗಳು ಮಾತ್ರ ನೆಟ್ಟಗೆ ಓದಲು ಬರುತ್ತಿದ್ದವು. ಆಗ ದೋಷವಿರುವುದು ಕಣ್ಣಿನಲ್ಲಲ್ಲ, ನೀರಿನಲ್ಲಿ ಎಂದು ತಿಳಿಯಿತು. ಆ ನೀರಿನಲ್ಲಿ ಒಂದೇ ಒಂದು ಮೀನು, ಫಿಲ್ಟರಿನ ಪೈಪಿನ ಹಿಂದೆ ನಿಂತಿತ್ತು. ನಾನು ಬಿಟ್ಟುಹೋದಾಗ ಎಂಟಿದ್ದವು.

ಈ ಮೀನುಗಳನ್ನು ನಾನು ಆಸೆಪಟ್ಟು ತಂದುಕೊಂಡವಳಲ್ಲ. ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಬ್ಯಾಂಕ್ ಅಧಿಕಾರಿಗೆ ವರ್ಗವಾದಾಗ, ಗಾಜಿನ ತೊಟ್ಟಿಯನ್ನು ಲಾರಿಯಲ್ಲಿ ಸಾಗಿಸುವುದು ಹೇಗೆಂದು ಅವನ ಹೆಂಡತಿ ತಲೆ ಕೆಡಿಸಿಕೊಂಡು ಕೊನೆಗೆ ನನ್ನ ಬಾಗಿಲು ತಟ್ಟಿದ್ದಳು. "ಆಂಟಿ, ಪ್ಲೀಸ್, ನೀವು ಇಟ್ಕೊಳ್ಳಿ. ಏನೂ ತೊಂದ್ರೆ ಕೊಡಲ್ಲ. ಝೀಬ್ರಾ ಅಂತ, ತುಂಬಾ ಪೀಸ್‌ಫುಲ್. ದಿನಾ ಬೆಳಿಗ್ಗೆ ಒಂದು ಚಿಟಿಕೆ ಫುಡ್ ಹಾಕಿದ್ರೆ ಸಾಕು. ಒಂದೇ ಒಂದು ನೆನಪಿಡಿ, ಮಿನಿಮಮ್ ಆರು ಇರ್ಲೇಬೇಕು. ಒಂದೇ ಉಳಿದ್ರೆ ಹೆದರ್ಕೊಂಡು ಊಟ ಬಿಟ್ಟು ಸತ್ತುಹೋಗುತ್ತೆ."

ಹೆಬ್ಬೆರಳಿನಷ್ಟೂ ಉದ್ದವಿಲ್ಲದ ಮೀನುಗಳು, ಮೈಯುದ್ದಕ್ಕೂ ನೀಲಿ ಗೆರೆ, ಗೆರೆಗಳ ನಡುವೆ ತೆಳುವಾದ ಚಿನ್ನದ ಬಣ್ಣ. ಒಂದು ತಿರುಗಿದರೆ ಎಲ್ಲವೂ ತಿರುಗುತ್ತಿದ್ದವು. ಯಾವುದು ಮೊದಲು ತಿರುಗಿತೆಂದು ಹಿಡಿಯಲು ನಾನು ಎಷ್ಟೋ ಮಧ್ಯಾಹ್ನ ಪ್ರಯತ್ನಿಸಿ ಸೋತಿದ್ದೇನೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲೆಕ್ಟಿವ್ ನೌನ್ಸ್ ಬಾಯಿಪಾಠ ಮಾಡಿಸುವಾಗ, ಎ ಫ್ಲಾಕ್ ಆಫ್ ಶೀಪ್, ಎ ಸ್ಕೂಲ್ ಆಫ್ ಫಿಶ್ ಎಂದು ಕಿರುಚಿದ್ದೆವು. ಆ ಸ್ಕೂಲನ್ನು, ಮೀನಿನ ಹಿಂಡನ್ನು, ಕಣ್ಣಾರೆ ಕಂಡದ್ದು ಎಪ್ಪತ್ತು ದಾಟಿದ ಮೇಲೆ.

ನಮ್ಮ ಓಣಿಯಲ್ಲಿ ಎಲ್ಲರೂ ವಿಭೂತಿ ಹಚ್ಚುವವರು. ಮೀನು ಎಂಬ ಶಬ್ದ ಕೇಳಿದರೇ ಮೂಗಿಗೆ ಸೆರಗು ಹೋಗುತ್ತದೆ. ತೊಟ್ಟಿ ನನ್ನ ಹಾಲ್‌ಗೆ ಇಳಿದ ದಿನ ಪಕ್ಕದ ಮನೆಯಾಕೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದ್ದಳು.

"ನಮ್ಮ ಓಣ್ಯಾಗ ಮೀನು ಬಂದದ್ದು ಇದ ಮೊದಲು ನೋಡ್ರಿ ಫೋನಮ್ಮ. ಅದೂ ಉಸುರಾಡೋ ಮೀನು."

"ತಿನ್ನೋಕೆ ಅಲ್ಲ, ನೋಡೋಕೆ," ಎಂದೆ.

"ಅಷ್ಟು ಸಣ್ಣವು ಯಾರಿಗೆ ಸಾಕಾಗತಾವ ಬಿಡ್ರಿ," ಎಂದು ನಕ್ಕಿದ್ದಳು.

ನಾನು ಓಣಿಗೆಲ್ಲ ಫೋನಮ್ಮ. ಕಾನ್ವೆಂಟಿನ ಇಂಗ್ಲಿಷ್ ಬರುತ್ತದೆಂಬ ಒಂದೇ ಕಾರಣಕ್ಕೆ ಹುಡುಗಿಯಾಗಿದ್ದಾಗಲೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತ್ತು. ಹೂವಿನಹಡಗಲಿಯಲ್ಲಿ ಸ್ವಲ್ಪ ಕಾಲ, ಆಮೇಲೆ ಇಲ್ಲಿ. ಕಿವಿಗೆ ಹೆಡ್‌ಫೋನ್, ಎದುರಿಗೆ ತೂತುಗಳ ಬೋರ್ಡು, ಕೈಯಲ್ಲಿ ಪ್ಲಗ್ಗು. ಶೇಂಗಾ ವ್ಯಾಪಾರಿಯನ್ನು ದಲ್ಲಾಳಿಗೆ, ಅಳಿಯನನ್ನು ಮಾವನಿಗೆ, ಆಸ್ಪತ್ರೆಯನ್ನು ಅಳುವ ಮನೆಗೆ ಜೋಡಿಸುತ್ತಿದ್ದೆ. ಲೈನ್ ಕೂಡಿದ ಕೂಡಲೇ "ಸ್ಪೀಕ್ ಆನ್ ಪ್ಲೀಸ್" ಎಂದು ಹೇಳಿ ಮಧ್ಯದಿಂದ ಸರಿಯಬೇಕು. ಕೇಳುತ್ತ ಕೂರುವ ಹಾಗಿಲ್ಲ. ಅದು ರೂಲು. ಆಟೊಮ್ಯಾಟಿಕ್ ಬಂದ ಮೇಲೆ ಬೋರ್ಡು ಹೋಯಿತು, ನನ್ನನ್ನು ಬಿಲ್ಲಿನ ಕೌಂಟರಿಗೆ ಕೂರಿಸಿದರು. ನಂತರ ನಿವೃತ್ತಿ. ನನ್ನ ಯಜಮಾನರು ಹೋಗಿ ಬಹಳ ಕಾಲವಾಯಿತು. ಮಕ್ಕಳಾಗಲಿಲ್ಲ. ಸಂಜೆ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂಡುತ್ತಾರೆ, ಬರ್ರಿ ಫೋನಮ್ಮ ಎಂದು ಕರೆಯುತ್ತಾರೆ. ನಾನು ಹೋಗಿ ಕುಳಿತರೆ ಮಾತು ಸ್ವಲ್ಪ ಸೀರೆ ಸರಿಪಡಿಸಿಕೊಂಡು ಕೂರುತ್ತದೆ. ಹಾಗಾಗಿ "ನಾಟ್ ಟುಡೇ" ಎಂದು ನಕ್ಕು ಒಳಗೆ ಬರುವುದು ರೂಢಿಯಾಗಿದೆ.

ಬಳ್ಳಾರಿಗೆ ಹೋಗುವಾಗ ಮೀನುಗಳನ್ನು ಬಿಟ್ಟುಹೋದದ್ದು ಈ ಪಕ್ಕದ ಮನೆಯಾಕೆಯ ಕೈಗೇ. ಆಕೆಯ ಮನೆಯವರದು ಮಂಡಕ್ಕಿ ಭಟ್ಟಿ. ಆಕೆಯ ಸೆರಗಿನಲ್ಲಿ ಯಾವಾಗಲೂ ಬಿಸಿ ಮರಳಿನ, ಹುರಿದ ಅಕ್ಕಿಯ ವಾಸನೆ ಇರುತ್ತದೆ. ಮೀನಿನ ಆಹಾರದ ಡಬ್ಬಿ ಕೊಟ್ಟು, ಚಿಟಿಕೆ ಎಂದರೆ ಎಷ್ಟೆಂದು ತೋರಿಸಿಯೇ ಹೋಗಿದ್ದೆ. ಬಳ್ಳಾರಿಯಲ್ಲಿ ನಾನು ಉಳಿದಿದ್ದ ತಂಗಿಯ ಮನೆಯಿಂದ ದಿನವೂ ಫೋನ್ ಮಾಡುತ್ತಿದ್ದೆ. "ಮೀನು ಹೆಂಗಿದಾವೆ?" ಎಂದರೆ, "ಆರಾಮ ಅದಾವ, ನಿಮ್ಮ ಕಣ್ಣು ನೋಡ್ಕೊಳ್ರಿ," ಎನ್ನುತ್ತಿದ್ದಳು. ಕೊನೆಕೊನೆಗೆ ಆರಾಮ ಎನ್ನುವ ಮೊದಲು ಒಂದು ಸಣ್ಣ ತಡೆ ಬರತೊಡಗಿತ್ತು. ಜೀವನವಿಡೀ ಜನರ ದನಿಗಳನ್ನು ಕಿವಿಯಲ್ಲಿಟ್ಟುಕೊಂಡಿದ್ದವಳು ನಾನು. ಆದರೂ ಅದನ್ನು ನೆಟ್‌ವರ್ಕಿನ ತಲೆಗೆ ಕಟ್ಟಿದ್ದೆ.

ನಾನು ಬಂದ ಸುದ್ದಿ ತಿಳಿದು ಆಕೆ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ.

"ಉಳಿದವು ಎಲ್ಲಿ?" ಎಂದೆ.

"ದಾಸವಾಳದ ಕುಂಡ್ಯಾಗ ಅದಾವ."

ನನಗೆ ಅರ್ಥವಾಗಲಿಲ್ಲ.

"ಮಣ್ಣು ಮಾಡೀನ್ರಿ. ವಿಭೂತಿ ಹಚ್ಚಿ, ಒಂದೊಂದಕ್ಕ ಒಂದೊಂದು ಪತ್ರಿ ಇಟ್ಟು. ಹಂಗ ಹೊರಗ ಒಗಿಯಾಕ ಮನಸು ಬರಲಿಲ್ಲ. ಬೆಕ್ಕು ಬಾಯಿ ಹಾಕತಿತ್ತು."

ಅವಕ್ಕೆ ತಿನ್ನಲು ಏನು ಹಾಕಿದೆ ಎಂದು ಕೇಳಿದಾಗ ಆಕೆ ಮುಚ್ಚಿಡಲಿಲ್ಲ. ಅಮಾವಾಸ್ಯೆಗೆ ಮಾಗಳದ ಹೊಳೆಗೆ ಹೋದಾಗ ನಾವೆಲ್ಲ ಮಾಡುವುದನ್ನೇ ಮಾಡಿದ್ದಳು. ಅಲ್ಲಿ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎರಚಿದರೆ ದೊಡ್ಡ ದೊಡ್ಡ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತವೆ, ಹಾಕಿದವರಿಗೆ ಪುಣ್ಯ. ಹೊಳೆಯ ಮೀನಿಗೆ ಸಲ್ಲುವುದು ಮನೆಯ ಮೀನಿಗೆ ಸಲ್ಲದೆ?

"ಒಂದು ಚಿಟಿಕಿ ಪುಡಿ ಹಾಕಿದ್ರ ಯಾರ ಹೊಟ್ಟಿ ತುಂಬತೈತಿ, ನೀವ ಹೇಳ್ರಿ. ನನ್ನ ಕೈಯಾಗ ಬಿಟ್ಟು ಹೋಗ್ಯಾರ, ಉಪವಾಸ ಕೆಡವಿದ್ಲು ಅನ್ನಬಾರದು ಅಂತ ದಿನಾ ಒಂದೊಂದು ಬೊಗಸಿ ಹಾಕೀನಿ. ಆಗಿಂದಾಗ ಭಟ್ಟಿಯಿಂದ ತಂದದ್ದು. ಮರುದಿನ ನೋಡಿದ್ರ ಒಂದೂ ಇರತಿದ್ದಿಲ್ಲ. ತಿಂದಾವ ಅಂತ ತಿಳಕೊಂಡೆ."

ತಿಂದಿರಲಿಲ್ಲ. ನೆನೆದು ಕರಗಿ ತಳ ಸೇರಿ ಕಲ್ಲುಗಳ ಸಂದಿಯಲ್ಲಿ ಗಂಜಿಯಾಗಿ ಹುಳಿತಿತ್ತು. ಹೊಳೆಗಾದರೆ ಹರಿವಿದೆ. ಇದು ನಾಲ್ಕು ಗಾಜಿನ ನಡುವಿನ ನೀರು.

"ಫೋನಿನಲ್ಲಿ ಹೇಳಬಹುದಿತ್ತು," ಎಂದೆ.

"ಹೇಳಿದ್ರ ನೀವು ಅಳತಿದ್ರಿ. ಅಳಬಾರದು, ಕಣ್ಣು ತಿಕ್ಕಬಾರದು ಅಂತ ಡಾಕ್ಟ್ರು ಹೇಳ್ಯಾರಂತ ನೀವ ಅಂದಿದ್ರಿ. ಮೀನಿನ ಸಲುವಾಗಿ ನಿಮ್ಮ ಕಣ್ಣು ಕಳೀಲೇನು?"

"ಇಟ್ಸ್ ಆಲ್ ರೈಟ್. ಪ್ಲೀಸ್ ಡೋಂಟ್ ವರಿ."

ಆಕೆ ತಲೆ ತಗ್ಗಿಸಿದಳು. "ನೀವು ಇಂಗ್ಲೀಷಿಗೆ ಹೋದ್ರಿ ಅಂದ್ರ ಸಿಟ್ಟು ಬಂದೈತಿ ಅಂತ ಅರ್ಥ. ನಮ್ಮ ಭಾಷಾದಾಗ ಬೈದುಬಿಡ್ರಿ ಫೋನಮ್ಮ, ಹಗುರಾಗತೈತಿ."

ಬೈಯಲಿಲ್ಲ. ಬಾಗಿಲು ಹಾಕಿಕೊಂಡೆ. ಅಳುವ ಹಾಗೂ ಇರಲಿಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕುವ ಹೊತ್ತಾಗಿತ್ತು. ತಲೆ ಹಿಂದಕ್ಕೆ ಚೆಲ್ಲಿ ಹನಿ ಬಿಟ್ಟುಕೊಂಡೆ.

ಬಗ್ಗಬಾರದು, ಭಾರ ಎತ್ತಬಾರದು ಎಂದೂ ಡಾಕ್ಟರು ಹೇಳಿದ್ದರು. ಅಂದ ಮೇಲೆ ಆ ನೀರನ್ನು ನಾನೊಬ್ಬಳೇ ಬದಲಿಸುವುದಾದರೂ ಹೇಗೆ? ಮರುದಿನ ಆಕೆ ಕರೆಯದೆಯೇ ಬಂದಳು. ಸೀರೆ ಎತ್ತಿ ಕಟ್ಟಿ, ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ತೋಡತೊಡಗಿದಳು. ಒಮ್ಮೆಗೇ ಎಲ್ಲ ನೀರನ್ನೂ ತೆಗೆಯುವಂತಿಲ್ಲ, ಸ್ವಲ್ಪ ಸ್ವಲ್ಪವೇ ಬದಲಿಸಬೇಕು. ನಲ್ಲಿಯ ನೀರನ್ನು ಹಿಂದಿನ ದಿನವೇ ಹಿಡಿದು ಬಾಯಗಲದ ಪಾತ್ರೆಯಲ್ಲಿ ಇಟ್ಟು, ಅದಕ್ಕೆ ಬೆರೆಸಿದ ಕ್ಲೋರಿನ್ನಿನ ವಾಸನೆ ಹೋದ ಮೇಲೆ ಸುರಿಯಬೇಕು. ನಾನು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದೆ, ಆಕೆ ಮಾಡುತ್ತಿದ್ದಳು. ಕಲ್ಲುಗಳ ಸಂದಿಯಿಂದ ಮಂಡಕ್ಕಿಯ ಗಂಜಿ ಬಂದಾಗಲೆಲ್ಲ ಆಕೆ ನನ್ನ ಮುಖ ನೋಡದೆ ಬಕೀಟಿಗೆ ಸುರಿಯುತ್ತಿದ್ದಳು. ಹೀಗೆ ಕೆಲವು ದಿನಗಳಲ್ಲಿ ನೀರು ತಿಳಿಯಾಯಿತು.

ಮೀನು ಮಾತ್ರ ತಿಳಿಯಾಗಲಿಲ್ಲ. ಪೈಪಿನ ಹಿಂದೆಯೇ ನಿಂತಿತ್ತು. ನೀಲಿ ಗೆರೆಗಳು ಒಗೆದೊಗೆದು ಬಣ್ಣ ಬಿಟ್ಟ ಲುಂಗಿಯ ಹಾಗಾಗಿದ್ದವು. ಚಿಟಿಕೆ ಪುಡಿ ಹಾಕಿದರೆ ಅದು ತೇಲಿ, ಅಲುಗಾಡಿ, ಮೀನಿನ ಮೂತಿಯ ಮುಂದೆಯೇ ಕೆಳಗಿಳಿಯುತ್ತಿತ್ತು. ಬಾಯಿ ತೆರೆಯುತ್ತಿರಲಿಲ್ಲ. ಬ್ಯಾಂಕಿನವನ ಹೆಂಡತಿ ಹೇಳಿದ್ದು ಸರಿಯಾಗಿ ಕಣ್ಣ ಮುಂದೆ ನಡೆಯುತ್ತಿತ್ತು. ಜೊತೆ ಸಿಗದಿದ್ದರೆ ಇದು ಹೆಚ್ಚು ದಿನ ಬಾಳುವುದಿಲ್ಲ.

ಹರಪನಹಳ್ಳಿಯಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿಯೊಂದರಲ್ಲಿ ಮೀನೂ ಮಾರುತ್ತಾರೆಂದು ಕೇಳಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು, ಧೂಳಿಗೆ ತಲೆತುಂಬ ಸೆರಗು ಹೊದ್ದು ಬಸ್ ಹತ್ತಿದೆ. ಅಂಗಡಿಯಲ್ಲಿ ಗೋಲ್ಡ್ ಫಿಶ್ ಇದ್ದವು, ಪುಟ್ಟ ಬಾಟಲಿಗಳಲ್ಲಿ ಒಂದೊಂದೇ ಫೈಟರ್ ಇದ್ದವು. ಝೀಬ್ರಾ ಇರಲಿಲ್ಲ.

"ಶುಕ್ರವಾರ ದಾವಣಗೆರೆಯಿಂದ ಲೋಡ್ ಬರ್ತತಿ ಅಜ್ಜಿ," ಎಂದ ಅಂಗಡಿಯವನು. "ಅಲ್ಲಿತನಕ ಯಾಕ ಕಾಯ್ತೀರಿ, ಒಂದು ಫೈಟರ್ ಒಯ್ರಿ. ಇದಕ್ಕ ಜೋಡಿ ಬೇಕಾಗಿಲ್ಲ. ಒಂದ ಇರ್ತತಿ, ಒಂದ ಉಣ್ತತಿ. ಬ್ಯಾರೆದು ಬಂದ್ರ ಹರದು ಹಾಕ್ತತಿ. ನಿಮ್ಮಂಥ ಒಬ್ಬರ ಇರೋರು ಎಲ್ಲಾ ಇದನ್ನ ಒಯ್ಯೋದು."

ನಾನೊಬ್ಬಳೇ ಇರುವುದು ಅವನಿಗೆ ಹೇಗೆ ಗೊತ್ತಾಯಿತೋ. ಬಾಟಲಿಯೊಳಗಿನ ಕೆಂಪು ಮೀನು ರೆಕ್ಕೆಗಳನ್ನು ರೇಷ್ಮೆಯ ಹಾಗೆ ಬಿಚ್ಚಿ ನನ್ನನ್ನೇ ನೋಡಿತು. "ನೋ, ಥ್ಯಾಂಕ್ಯೂ," ಎಂದು ಬಂದುಬಿಟ್ಟೆ.

ಶುಕ್ರವಾರಕ್ಕೆ ಇನ್ನೂ ಕೆಲವು ದಿನಗಳಿದ್ದವು. ಅಲ್ಲಿಯವರೆಗೆ ಅದು ಬದುಕಬೇಕಲ್ಲ. ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಹೊಳೆಯಿತು. ಮೊಳೆಯಿಂದ ಕನ್ನಡಿ ತೆಗೆದು, ಅಕ್ವೇರಿಯಂನ ಪಕ್ಕದ ಗಾಜಿಗೆ ಒರಗಿಸಿ, ಬೀಳದ ಹಾಗೆ ಹಳೆಯ ಡಿಕ್ಷನರಿ ಆನಿಸಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೀನು ಪೈಪಿನ ಹಿಂದಿನಿಂದ ಹೊರಬಂದಿತು. ನಿಂತಿತು. ಮುಂದೆ ಬಂತು. ಗಾಜಿನ ಆಚೆಯಿಂದ ಇನ್ನೊಂದು ಮುಂದೆ ಬಂತು. ಎರಡೂ ಮೂತಿಗೆ ಮೂತಿ ಹಚ್ಚಿ ನಿಂತವು. ಒಂದು ತಿರುಗಿದರೆ ಇನ್ನೊಂದು ತಿರುಗಿತು. ಆ ಮಧ್ಯಾಹ್ನ ಅದು ಮೊದಲ ಬಾರಿಗೆ ಒಂದು ಚೂರು ತಿಂದಿತು.

ಅಂದಿನಿಂದ ನನ್ನ ಕುರ್ಚಿಯನ್ನೂ ಅಲ್ಲಿಗೇ ಎಳೆದುಕೊಂಡೆ. ಟಿವಿ ನೋಡಬಾರದು, ಓದಬಾರದು ಎಂದಿದ್ದರು, ಇನ್ನೇನು ಮಾಡಲಿ. ಕಾಫಿ ತಂದು ಕೂತು ಗುಡ್ ಮಾರ್ನಿಂಗ್ ಎನ್ನುತ್ತಿದ್ದೆ. ಎಕ್ಸ್‌ಚೇಂಜಿನ ಕಥೆಗಳನ್ನು ಹೇಳುತ್ತಿದ್ದೆ: ಉಚ್ಚಂಗಿದುರ್ಗದಿಂದ ಮಗಳಿಗೆ ಟ್ರಂಕ್ ಕಾಲ್ ಮಾಡಿ, ಲೈನ್ ಸಿಕ್ಕ ಮೇಲೆ ಏನು ಮಾತಾಡಬೇಕೆಂದು ತಿಳಿಯದೆ ಬರಿಯ ಉಸಿರಾಡಿದ ಮುದುಕನದು, ಮಳೆಗಾಲದಲ್ಲಿ ಬೋರ್ಡು ಶಾಕ್ ಹೊಡೆಯುತ್ತಿದ್ದದ್ದು, ನನ್ನ ಯಜಮಾನರು ಮದುವೆಗೆ ಮೊದಲು ಸುಮ್ಮಸುಮ್ಮನೆ ಟೈಮ್ ಎಷ್ಟೆಂದು ಕೇಳಲು ಫೋನ್ ಮಾಡುತ್ತಿದ್ದದ್ದು. ಇಷ್ಟನ್ನು ನಾನು ಮನುಷ್ಯರ ಹತ್ತಿರ ಯಾವತ್ತೂ ಹೇಳಿರಲಿಲ್ಲ. ನನ್ನ ದನಿ ಬಂದ ಕಡೆ ಮೀನು ಒಮ್ಮೊಮ್ಮೆ ತಿರುಗುತ್ತಿತ್ತು, ಅಥವಾ ಹಾಗೆಂದು ನಾನು ತಿಳಿದುಕೊಂಡಿದ್ದೆ. ಬೆರಳು ಗಾಜಿಗೆ ಹಚ್ಚಿದರೆ ಹತ್ತಿರ ಬರುತ್ತಿತ್ತು. ಅದರ ಬಾಲದ ಮೇಲಿನ ಗೆರೆ ಎಲ್ಲಿ ಮುಗಿಯುತ್ತದೆಂಬುದೂ ನನಗೆ ಬಾಯಿಪಾಠವಾಯಿತು.

ಆದರೆ ಕನ್ನಡಿಯ ಎದುರು ಅದು ದಿನವಿಡೀ ಮೇಲೆ ಕೆಳಗೆ, ಮೇಲೆ ಕೆಳಗೆ ಈಜುವುದನ್ನು ನೋಡುತ್ತ ನೋಡುತ್ತ ನನ್ನ ಕಥೆ ನಡುವೆಯೇ ನಿಂತುಹೋಗುತ್ತಿತ್ತು. ಆಚೆಯದಕ್ಕೆ ಈಚೆಗೆ ಬರಲಾಗದು. ತಿಂದದ್ದೂ ಅಷ್ಟಕ್ಕಷ್ಟೆ, ಬದುಕಲು ಸಾಲುವಷ್ಟಲ್ಲ.

ನೀರು ತೋಡಲು ಬಂದ ಪಕ್ಕದ ಮನೆಯಾಕೆ ಕನ್ನಡಿ ನೋಡಿ ಕೈಯಲ್ಲಿದ್ದ ಮಗ್ಗು ಕೆಳಗಿಟ್ಟಳು.

"ಅದಕ್ಕ ತಿಳೀತೈತೇನ್ರಿ, ಅದು ತಾನ ಅಂತ?"

"ಗೊತ್ತಿಲ್ಲ."

"ತಿಳೀದಿದ್ರ ಚಲೋ," ಎಂದಳು.

ಶುಕ್ರವಾರ ಹೊರಟಾಗ ಆಕೆ ನನ್ನ ಕೈಗೆ ಒಂದು ತಾಮ್ರದ ತಂಬಿಗೆ ಕೊಟ್ಟಳು. ಪ್ಲಾಸ್ಟಿಕ್ ಚೀಲವನ್ನು ಅದರಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿದರೆ ಬಿಸಿಲಿಗೆ ನೀರು ಕಾಯುವುದಿಲ್ಲವೆಂದು. ಲೋಡ್ ಬಂದಿತ್ತು. ಅಂಗಡಿಯವನು ಬಲೆಯಿಂದ ಆರು ಝೀಬ್ರಾ ಹಿಡಿದು, ಚೀಲಕ್ಕೆ ಗಾಳಿ ತುಂಬಿ ರಬ್ಬರ್ ಹಾಕಿ ಕೊಟ್ಟ. ಬಸ್ಸಿನಲ್ಲಿ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕೂತೆ. ಹೆಂಗಸರಿಗೆ ಪುಕ್ಕಟೆ ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ತಂಬಿಗೆಯೊಳಗೆ ಇಣುಕಿದ.

"ಏನಜ್ಜಿ, ಹೊಳಿ ತೀರ್ಥನಾ?"

"ಮೀನು."

"ಜೀವಂತ ಅದಾವಲ್ಲ. ಹೆಣ್ಣೋ ಗಂಡೋ? ಹೆಣ್ಣಾದ್ರ ಫ್ರೀ, ಗಂಡಾದ್ರ ಟಿಕೆಟ್ ಹರೀಬೇಕಾಕ್ಕತಿ."

ಮುಂದಿನ ಸೀಟಿನ ಹೆಂಗಸು ತಿರುಗಿ, "ಸುಮ್ಮನ ಕುಂತಾವ ಅಂದ್ಮ್ಯಾಲ ಹೆಣ್ಣ ಇರಬೇಕು ಬಿಡಪ್ಪ," ಎಂದಳು. "ಗಂಡಾಗಿದ್ರ ಇಷ್ಟೊತ್ತಿಗೆ ಕಿಡಕಿ ಸೀಟು ಕೇಳತಿದ್ದು." ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೆಂದರೆ ನನ್ನ ದನಿ ನನಗೇ ಬೇರೆಯವರದೆನಿಸಿತು.

ಮನೆಗೆ ಬಂದು ಚೀಲವನ್ನು ಹಾಗೆಯೇ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟೆ. ಒಳಗಿನ ನೀರು, ಹೊರಗಿನ ನೀರು ಒಂದೇ ಬಿಸಿಗೆ ಬರಬೇಕು. ಪಕ್ಕದ ಮನೆಯಾಕೆ ನೆಲದ ಮೇಲೆ ಕಾಲು ಚಾಚಿ ಕೂತಳು. ರಬ್ಬರ್ ಬಿಚ್ಚಿ, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರನ್ನು ಚೀಲಕ್ಕೆ ಸೇರಿಸಿ, ಕೊನೆಗೆ ಮೀನುಗಳನ್ನು ಹೊರಬಿಟ್ಟೆವು. ಆರೂ ಒಟ್ಟಿಗೆ ತಳಕ್ಕೆ ಹೋಗಿ ಒಂದು ಮೂಲೆಯಲ್ಲಿ ಮುದುಡಿಕೊಂಡವು. ನನ್ನದು ಕನ್ನಡಿಯ ಹತ್ತಿರವೇ ಇತ್ತು. ತಿರುಗಿಯೂ ನೋಡಲಿಲ್ಲ.

"ಗುರುತು ಹಿಡಿಯವಲ್ದು," ಎಂದಳು ಆಕೆ, ಪಿಸುದನಿಯಲ್ಲಿ.

ನಾನು ಡಿಕ್ಷನರಿ ಸರಿಸಿ ಕನ್ನಡಿ ತೆಗೆದೆ. ಮೀನು ಖಾಲಿ ಗಾಜಿನ ಎದುರು ಅತ್ತಿಂದಿತ್ತ ಹುಡುಕಿತು. ಕಳೆದುಹೋದವನನ್ನು ಹುಡುಕುವ ಹಾಗೆ ಮೇಲಕ್ಕೂ ಕೆಳಕ್ಕೂ ಹೋಯಿತು. ನಾನು ತಪ್ಪು ಮಾಡಿದೆನೇನೋ ಎನಿಸಿ ಕನ್ನಡಿಯನ್ನು ಮತ್ತೆ ಇಡಲು ಹೋದೆ. ಆಕೆ ನನ್ನ ಮೊಣಕೈ ಹಿಡಿದು, "ತಡೀರಿ," ಎಂದಳು. ಕತ್ತಲಾಗುವವರೆಗೆ ಕೂತೆವು. ಅದು ಪೈಪಿನ ಹಿಂದೆ ಹೋಗಿ ನಿಂತಿತು. ಲೈಟು ಆರಿಸಿ ಎದ್ದೆವು.

ಬೆಳಿಗ್ಗೆ ಕಾಫಿ ಹಿಡಿದು ಬಂದು ಮೊದಲು ಪೈಪಿನ ಹಿಂದೆ ನೋಡಿದೆ. ಇರಲಿಲ್ಲ. ತಳ ನೋಡಿದೆ, ನೀರಿನ ಮೇಲ್ಭಾಗ ನೋಡಿದೆ. ಆಮೇಲೆ ತೊಟ್ಟಿಯ ಆ ಕೊನೆಯಿಂದ ಹಿಂಡು ಬಂತು. ಎಣಿಸಿದೆ. ತಿರುಗಿ ಹೋಗುವಾಗ ಮತ್ತೆ ಎಣಿಸಿದೆ. ಏಳು.

ಕುರ್ಚಿ ಹತ್ತಿರ ಎಳೆದುಕೊಂಡು, ಈ ಹೊಸ ಕಣ್ಣಿನಿಂದ, ಬಣ್ಣ ಮಾಸಿದ್ದು ಯಾವುದೆಂದು ಹುಡುಕಿದೆ. ಹೊಸ ಜಾಗಕ್ಕೆ ಬಂದ ದಿಗಿಲಿಗೆ ಎಲ್ಲವೂ ತುಸು ಬಿಳಿಚಿಕೊಂಡಿದ್ದವು. ಬಾಲದ ಗೆರೆ ನೋಡೋಣವೆಂದರೆ ಒಂದೂ ನಿಲ್ಲದು. ಚಿಟಿಕೆ ಪುಡಿ ಹಾಕಿದೆ. ಏಳೂ ಮುಗಿಬಿದ್ದವು, ಒಂದು ಚೂರೂ ತಳಕ್ಕೆ ಇಳಿಯಲಿಲ್ಲ. ಬೆರಳನ್ನು ಗಾಜಿಗೆ ಹಚ್ಚಿದೆ. ಎಲ್ಲವೂ ಒಟ್ಟಿಗೆ ದೂರ ಸರಿದವು.

ಪಕ್ಕದ ಮನೆಯಾಕೆ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಏಳು ಅದಾವೇನು?"

"ಅದಾವೆ."

"ನಮ್ಮದು ಯಾವುದು?"

ಆಕೆಯ ಮುಖ ನೋಡಿದೆ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. "ಆ ಹಿಂದೆ ಬರ್ತಿದೆಯಲ್ಲ, ಅದು," ಎಂದೆ.

ಅಷ್ಟರಲ್ಲಿ ಹಿಂಡು ತಿರುಗಿತು.

"ಈಗ ಮುಂದಾತಲ್ಲ ಅದು."

"ಹೂಂ, ಅದೇ."

"ನಾನೂ ಅದ ಅನ್ಕೊಂಡೆ. ಅದರ ನಡಿಗಿನ ಬ್ಯಾರೆ," ಎಂದು ಆಕೆ ಕಣ್ಣಿಗೆ ಸೆರಗು ಒತ್ತಿಕೊಂಡಳು. ಆಕೆಗೇನು, ಡಾಕ್ಟರ ಕಟ್ಟಳೆ ಇಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಸಂಜಿ ಮುಂದ ಕಟ್ಟಿಗೆ ಬರ್ರಿ. ಬಸ್ಸಿನ ಕಥಿ ಹೇಳೀರಂತ," ಎಂದಳು.

"ನೋಡೋಣ," ಎಂದೆ.

ಆಕೆ ಹೋದ ಮೇಲೆ ರೂಢಿಯಂತೆ ಗುಡ್ ಮಾರ್ನಿಂಗ್ ಎಂದೆ. ಯಾರಿಗೆ ಹೇಳಿದೆನೋ. ಒಂದೂ ತಿರುಗಲಿಲ್ಲ. ಅವಕ್ಕೆ ಅವೇ ಇದ್ದವು. ನಾನು ಬಯಸಿದ್ದೂ ಅದನ್ನೇ ಅಲ್ಲವೆ, ಎರಡೆರಡು ಸಲ ಧೂಳಿನಲ್ಲಿ ಹರಪನಹಳ್ಳಿಗೆ ಹೋಗಿ ಬಂದದ್ದೂ ಇದಕ್ಕೇ. ಲೈನ್ ಕೂಡಿದೆ. ಇನ್ನು ಮಧ್ಯದಿಂದ ಸರಿಯಬೇಕು. ಆದರೂ ಆ ಕೆಲವು ದಿನ ನನ್ನ ಬೆರಳಿಗೆ ಬರುತ್ತಿದ್ದದ್ದು ಈ ಏಳರಲ್ಲಿ ಒಂದು. ಹೊಟ್ಟೆ ತುಂಬಿ, ಗೆರೆ ನೀಲಿಯಾಗಿ, ಇನ್ನು ಯಾವತ್ತೂ ನನಗೆ ಗುರುತು ಸಿಗದು.

ಕನ್ನಡಿಯನ್ನು ಒರೆಸಿ ಮೊಳೆಗೆ ಹಾಕಿದೆ. ಡ್ರಾಪ್ಸಿನ ಹೊತ್ತಾಗಿತ್ತು. ತಲೆ ಹಿಂದಕ್ಕೆ ಚೆಲ್ಲಿ ಬಿಟ್ಟುಕೊಂಡೆ. ಒಂದು ಹನಿ ಹೆಚ್ಚಾಗಿ ಹೊರಬಂದು ಕೆನ್ನೆಯ ಮೇಲಿಂದ ಕಿವಿಯವರೆಗೆ ಇಳಿಯಿತು. ಅದು ಔಷಧದ ನೀರು, ಅದಕ್ಕೆ ಡಾಕ್ಟರ ಅಡ್ಡಿಯಿಲ್ಲ. ಒರೆಸಿಕೊಳ್ಳದೆ ಹಾಗೆಯೇ ಬಿಟ್ಟೆ.